ಹುಟ್ಟುವ ಮೊದಲಿನ ಹೊಣೆ

ಲೋಕದಲ್ಲಿ ಮನುಷ್ಯನು ಒಂದು ವಸ್ತುವನ್ನು ಕೊಳ್ಳುವಾಗ ಅದರ ಗುಣವನ್ನು ನೋಡುತ್ತಾನೆ, ಬೆಲೆಯನ್ನು ನೋಡುತ್ತಾನೆ. ಅದು ಬಂದ ದಾರಿಯನ್ನು ನೋಡುವುದು ಅಪೂರ್ವ. ನಿರ್ಜೀವ ವಸ್ತುವಿನ ವಿಷಯದಲ್ಲಿಯೇ ಇದು ದೋಷವೆನಿಸುವುದಾದರೆ, ಉಸಿರಾಡುವ ಪ್ರಾಣಿಯೊಂದನ್ನು ಕೊಳ್ಳುವಾಗ ಎಷ್ಟರಮಟ್ಟಿನ ದೋಷವಾದೀತೆಂಬುದನ್ನು ವಿಚಾರವಂತರು ಊಹಿಸಬಹುದು. ಅಮೆರಿಕೆಯ ನಗರವೊಂದರಲ್ಲಿ ಅಂಧನೊಬ್ಬನು ನಾಯಿಯ ಮೈಗೆ ಬಿಗಿದ ಪಟ್ಟಿಯ ಹಿಡಿಯನ್ನು ಹಿಡಿದು, ವಾಹನಗಳ ನಡುವೆ ನಿಶ್ಶಂಕೆಯಿಂದ ಬೀದಿ ದಾಟುವುದನ್ನು ಕಂಡವರು ನಾಯಿಯ ಸ್ವಾಮಿನಿಷ್ಠೆಯನ್ನು ಕೊಂಡಾಡುತ್ತಾರೆ. ಅದಕ್ಕೆ ಕಲಿಸಿದವನ ಜಾಣ್ಮೆಯನ್ನು ಹೊಗಳುತ್ತಾರೆ. ಆ ನಾಯಿಯ ತಾಯಿ ಎಲ್ಲಿದೆ, ಹೇಗಿದೆ, ಅದರೊಡನೆ ಹುಟ್ಟಿದ ಮಿಕ್ಕ ಮರಿಗಳು ಏನಾದುವು ಎಂದು ಕೇಳುವವರು ವಿರಳ. ಕೇಳದೆ ಬಿಟ್ಟ ಈ ಪ್ರಶ್ನೆಯೇ ಪ್ರಕೃತ ವಿಚಾರಕ್ಕೆ ವಿಷಯವಾಗಿದೆ.

ಅಂಗವೈಕಲ್ಯವುಳ್ಳವರಿಗೆ ನೆರವಾಗುವಂತೆ ಶಿಕ್ಷಣ ಪಡೆದ ನಾಯಿಗೆ ಆ ದೇಶದಲ್ಲಿ ಸರ್ವಿಸ್ ಡಾಗ್ ಎಂದು ಹೆಸರು, ಕನ್ನಡದಲ್ಲಿ ಸೇವಾಶ್ವಾನವೆನ್ನಬಹುದು. ಅಂಧರಿಗೆ ದಾರಿ ತೋರುವುದು, ಕಿವಿ ಕೇಳದವರಿಗೆ ಬಾಗಿಲ ಗಂಟೆ ಬಾರಿಸಿದುದನ್ನು ತಿಳಿಸುವುದು, ಗಾಲಿಕುರ್ಚಿಯಲ್ಲಿ ಕುಳಿತವರ ಕೈಯಿಂದ ಜಾರಿ ಬಿದ್ದುದನ್ನು ಎತ್ತಿಕೊಡುವುದು, ಹಗ್ಗ ಕಟ್ಟಿದ ಬಾಗಿಲನ್ನು ಎಳೆದು ತೆರೆಯುವುದು, ಮೂರ್ಛೆರೋಗದಿಂದ ಬಿದ್ದವರ ಬಳಿ ಇದ್ದು ಮನೆಯವರನ್ನು ಎಚ್ಚರಿಸುವುದು, ಇವೇ ಮೊದಲಾದುವು ಅದರ ಕೆಲಸಗಳು. ಅಂಗವಿಕಲರ ಹಕ್ಕುಗಳನ್ನು ಕುರಿತು ಅಲ್ಲಿ 1990ರಲ್ಲಿ ಆದ ಕಾನೂನಿನ ಮೇರೆಗೆ ಇಂತಹ ನಾಯಿಗೆ ಅಂಗಡಿ, ಆಸ್ಪತ್ರೆ, ಉಪಾಹಾರಗೃಹಗಳೊಳಕ್ಕೆ ಒಡೆಯನೊಡನೆ ಹೋಗುವ ಅಧಿಕಾರವುಂಟು. ಸಂಸ್ಥೆಯೊಂದೇ ಅದಕ್ಕೆ ಕಲಿಸಿರಬೇಕೆಂಬ ನಿರ್ಬಂಧವಿಲ್ಲ. ಬೇಕಾದವರು ತಾವೇ ಕಲಿಸಿಕೊಳ್ಳಬಹುದು. ಸಂಸ್ಥೆಗಳ ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗುವುದರಿಂದ ಅನೇಕರು ಮರಿಯೊಂದನ್ನು ಕೊಂಡು, ಶಿಕ್ಷಕರ ಸಹಾಯದಿಂದ ತಮ್ಮ ಮನೆಯಲ್ಲಿಯೇ ಅದನ್ನು ಸಿದ್ಧಗೊಳಿಸುವುದು ರೂಢಿಯಾಗಿದೆ. ಆಗ ಮೊದಲು ಎದುರಾಗುವವನು ಮರಿ ಹಾಕಿಸುವ ತಳಿಗಾರ. ಅವನನ್ನು ಆರಿಸಿಕೊಳ್ಳುವುದು ವ್ಯವಹಾರದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಒಳಹೊಕ್ಕು ನೋಡಿದರೆ ಅದು ಧರ್ಮದ ಪ್ರಶ್ನೆಯೇ ಸರಿ.

ಈ ನಾಯಿಗಳ ಇತಿಹಾಸದಿಂದ ತಳಿಗಾರನ ಸ್ಥಾನ ಎಷ್ಟು ಹಿರಿದೆಂಬುದು ತಿಳಿದುಬರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬುರ್ಗ್ ಪಟ್ಟಣದಲ್ಲಿ ಡಾ. ಗೆರ್ಹಾರ್ಡ್ ಸ್ಟಾಲಿಂಗ್ ಎಂಬವರು ದಾರಿ ತೋರುವ ನಾಯಿಗಳ ಶಾಲೆಯೊಂದನ್ನು ತೆರೆದರು. ಮುಂದೆ ಪಾಟ್ಸ್‌ಡಾಮಿನಲ್ಲಿ ನಡೆಯುತ್ತಿದ್ದ ಅಂತಹುದೇ ಶಾಲೆಯನ್ನು ಕಂಡು ಬೆರಗಾದ ಅಮೆರಿಕನ್ ಮಹಿಳೆ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಅವರು 1927ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ನಗರದಲ್ಲಿದ್ದ ಮಾರಿಸ್ ಫ್ರ್ಯಾಂಕ್ ಎಂಬ ಅಂಧ ತರುಣನ ಕಿವಿಗೆ ಆ ಲೇಖನ ಬಿದ್ದಿತು. ಅವನು ಆಕೆಗೆ ಪತ್ರ ಬರೆದು, 1928ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ, ಬಡಿ ಎಂಬ ಜರ್ಮನ್ ಶೆಫರ್ಡ್ ಹೆಣ್ಣುನಾಯಿಯೊಡನೆ ಹಿಂದಿರುಗಿದನು. ಮರುವರ್ಷ, ಅಂದರೆ 1929ರ ಜನವರಿಯಲ್ಲಿ, ಸೀಯಿಂಗ್ ಐ ಸಂಸ್ಥೆ ಸ್ಥಾಪಿತವಾಯಿತು. ಇಷ್ಟು ಕಥೆಯನ್ನು ಅನೇಕರು ಬಲ್ಲರು. ಗಮನಕ್ಕೆ ಬಾರದ ಸಂಗತಿ ಬೇರೊಂದಿದೆ. ಯೂಸ್ಟಿಸ್ ಅವರು ಅಂಧರ ಸೇವೆಗೆ ಇಳಿಯುವ ಮೊದಲೇ ತಳಿಗಾರ್ತಿಯಾಗಿದ್ದರು. ಸ್ವಿಟ್ಜರ್‌ಲೆಂಡಿನ ಬೆಟ್ಟದ ಮೇಲೆ ಫಾರ್ಚುನೇಟ್ ಫೀಲ್ಡ್ಸ್ ಎಂಬ ತಮ್ಮ ನೆಲೆಯಲ್ಲಿ, ನೋಟದ ಚೆಲುವಿಗಿಂತ ಕೆಲಸದ ಗುಣಕ್ಕೆ ಮಹತ್ವ ಕೊಟ್ಟು ನಾಯಿಗಳನ್ನು ಬೆಳೆಸುತ್ತಿದ್ದರು. ಅವರೊಡನಿದ್ದ ಎಲಿಯಟ್ ಹಂಫ್ರಿ ಎಂಬವರು ಯಾವ ತಾಯಿತಂದೆಗಳಿಂದ ಎಂತಹ ಮರಿಗಳಾದುವೆಂಬುದನ್ನು ವರ್ಷವರ್ಷವೂ ಬರೆದಿಟ್ಟು, ಆ ಅನುಭವವನ್ನು 1934ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಸಂಶೋಧನೆಯೂ ಲೆಕ್ಕವೂ ಮೊದಲು, ಸೇವೆ ಆಮೇಲೆ. ಆ ಸೇವೆ ಇಂದಿಗೂ ನಿಂತಿರುವುದು ಈ ಕ್ರಮದಿಂದಲೇ ಎನ್ನಬೇಕು.

ತಳಿಗಾರನ ಕೈಯಲ್ಲಿ ಮರಿಯಿರುವುದು ಎಂಟು ವಾರಗಳ ಕಾಲ ಮಾತ್ರ. ಒಡೆಯನ ಬಳಿ ಅದು ಹತ್ತು ಹನ್ನೆರಡು ವರ್ಷವಿರುತ್ತದೆ. ಹೀಗಿರುವಾಗ ಆ ಎಂಟು ವಾರಗಳಿಗೆ ಅಷ್ಟು ಮಹತ್ವವೇಕೆಂದು ಕೇಳುವವರುಂಟು. ಇದಕ್ಕೆ ಉತ್ತರ ಮೇನ್ ಸಂಸ್ಥಾನದ ಬಾರ್ ಹಾರ್ಬರ್ ಊರಿನ ಪ್ರಯೋಗಶಾಲೆಯಿಂದ ಬಂದಿತು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿದ್ವಾಂಸರು ಅಲ್ಲಿ ಐದು ಜಾತಿಯ ನಾಯಿಗಳನ್ನು ವರ್ಷಗಳ ಕಾಲ ಪರಿಶೀಲಿಸಿ 1965ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಮೂರನೆಯ ವಾರದಿಂದ ಹನ್ನೆರಡನೆಯ ವಾರದ ತನಕ ಮರಿಯ ಮನಸ್ಸು ಹಸಿಮಣ್ಣಿನಂತಿರುತ್ತದೆ. ಆ ಕಾಲದಲ್ಲಿ ಕಂಡ ಮನುಷ್ಯರು, ಕೇಳಿದ ಸದ್ದುಗಳು, ತುಳಿದ ನೆಲಗಳು ಅದರ ಪಾಲಿಗೆ ಲೋಕವಾಗುತ್ತವೆ ಎಂಬುದು ಅವರ ಶೋಧನೆಯ ತಾತ್ಪರ್ಯ. ಅಲ್ಲಿಯೇ ನಡೆದು 1961ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಹದಿನಾಲ್ಕು ವಾರಗಳ ತನಕ ಮನುಷ್ಯರ ಒಡನಾಟವೇ ಇಲ್ಲದೆ ಬೇಲಿಯೊಳಗೆ ಬೆಳೆದ ಮರಿಗಳು ಮನುಷ್ಯನನ್ನು ಕಂಡರೆ ಕಾಡುಮೃಗಗಳಂತೆ ಬೆದರಿ ದೂರ ಸರಿದುವು. ಕೊಟ್ಟಿಗೆಯ ಕತ್ತಲಲ್ಲಿ ತಂತಿಯ ಪಂಜರದೊಳಗೆ ಹುಟ್ಟಿ, ಆಹಾರ ಹಾಕುವ ಕೈಯೊಂದನ್ನುಳಿದು ಮತ್ತೇನನ್ನೂ ಕಾಣದ ಮರಿಯನ್ನು ತಂದು, ರೈಲು ನಿಲ್ದಾಣದ ಗದ್ದಲದಲ್ಲಿ ಅಂಧನಿಗೆ ದಾರಿ ತೋರು ಎಂದರೆ ಅದು ಹೇಗೆ ತೋರೀತು? ಅದರ ಭಯಕ್ಕೆ ಅದನ್ನು ದಂಡಿಸುವುದು ಮತ್ತೊಂದು ಅನ್ಯಾಯ. ಒಳ್ಳೆಯ ತಳಿಗಾರನು ತಾಯಿಯನ್ನೂ ಮರಿಗಳನ್ನೂ ಮನೆಯೊಳಗೇ ಇರಿಸಿಕೊಳ್ಳುತ್ತಾನೆ. ಪಾತ್ರೆ ಬಿದ್ದ ಸದ್ದು, ಮಕ್ಕಳ ಕೂಗು, ಕೊಡೆ ಬಿಚ್ಚಿದ ನೋಟ, ಕೋಲೂರಿ ನಡೆಯುವ ಮುದುಕರ ಹೆಜ್ಜೆ, ಇವೆಲ್ಲವೂ ಮರಿಗಳಿಗೆ ಪರಿಚಿತವಾಗುವಂತೆ ನೋಡಿಕೊಳ್ಳುತ್ತಾನೆ. ಇದಕ್ಕೆ ಹಣಕ್ಕಿಂತ ಹೊತ್ತು ಹೆಚ್ಚು ಬೇಕು. ವರ್ಷಕ್ಕೆ ಇಪ್ಪತ್ತು ಸೂಲು ಮಾರುವವನಿಗೆ ಆ ಹೊತ್ತೆಲ್ಲಿಂದ ಬರಬೇಕು?

ಇನ್ನು ದೇಹದ ವಿಚಾರ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಮೊದಲಾದ ದೊಡ್ಡ ನಾಯಿಗಳಲ್ಲಿ ತೊಡೆಯ ಎಲುಬಿನ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂರದಿರುವ ದೋಷವೊಂದು ವಂಶಾನುಗತವಾಗಿ ಬರುತ್ತದೆ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯ ಎಂದು ಹೆಸರು. ಮರಿಯಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ಬೆಳೆದಂತೆ ಕೀಲು ಸವೆದು, ನೋವು ಹತ್ತಿ, ನಾಯಿ ಮೆಟ್ಟಿಲು ಹತ್ತಲಾರದಾಗುತ್ತದೆ. ಎರಡು ವರ್ಷ ಶ್ರಮಪಟ್ಟು ಕಲಿಸಿದ ಮೇಲೆ, ಮೂರನೆಯ ವರ್ಷದಲ್ಲಿ ನಾಯಿ ಕುಂಟತೊಡಗಿದರೆ ಅದನ್ನು ನಂಬಿದವರ ಪಾಡೇನು? ಹಣ ಹೋಗುವುದು ಹಾಗಿರಲಿ. ಮನೆಯ ಹೊಸ್ತಿಲು ದಾಟುವ ಧೈರ್ಯವನ್ನು ಬಹುದಿನಗಳ ಮೇಲೆ ಪಡೆದಿದ್ದವರು ಮರಳಿ ಒಳಕ್ಕೆ ಸೇರುತ್ತಾರೆ. ನಾಯಿಯಾದರೋ, ನೋವನ್ನು ನುಂಗಿಕೊಂಡು ಎಷ್ಟು ದಿನ ದುಡಿದಿತ್ತೋ ಯಾರೂ ಹೇಳಲಾರರು.

ಈ ದೋಷವನ್ನು ತಗ್ಗಿಸುವ ಉಪಾಯ ಗೊತ್ತಿಲ್ಲದ್ದೇನಲ್ಲ. ತಂದೆತಾಯಿ ನಾಯಿಗಳ ಸೊಂಟವನ್ನು ಕ್ಷಕಿರಣದಿಂದ ಚಿತ್ರಿಸಿ, ತಜ್ಞರಿಂದ ಪರೀಕ್ಷೆ ಮಾಡಿಸುವ ವ್ಯವಸ್ಥೆ ಅಮೆರಿಕೆಯಲ್ಲಿ 1966ರಿಂದ ಇದೆ. ಓ.ಎಫ್.ಎ. ಎಂದು ಹೆಸರಾದ ಆ ಸಂಸ್ಥೆಯವರು ಸೊಂಟಗಳನ್ನು ಏಳು ದರ್ಜೆಗಳಾಗಿ ವಿಂಗಡಿಸಿ, ಮೊದಲಿನ ಮೂರನ್ನು ಮಾತ್ರ ಒಳ್ಳೆಯವೆಂದು ಒಪ್ಪುತ್ತಾರೆ. ನಾಯಿಗೆ ಎರಡು ವರ್ಷ ತುಂಬದೆ ಅವರು ಕೊನೆಯ ಪ್ರಮಾಣಪತ್ರವನ್ನು ಕೊಡುವುದಿಲ್ಲ. ಈ ಒಂದು ನಿಯಮದಿಂದ ಕೊಳ್ಳುವವರಿಗೆ ದೊಡ್ಡ ಉಪಕಾರವಾಗಿದೆ. ತಾಯಿನಾಯಿಯ ವಯಸ್ಸು ಒಂದೂವರೆ ವರ್ಷವೆಂದು ಒಬ್ಬನು ಹೇಳಿ, ಅದರ ಸೊಂಟಕ್ಕೆ ಅಲ್ಲಿಯ ಕೊನೆಯ ಪ್ರಮಾಣಪತ್ರವಿದೆಯೆಂದೂ ಅದೇ ಉಸಿರಿನಲ್ಲಿ ಹೇಳಿದರೆ ಎರಡರಲ್ಲೊಂದು ಸುಳ್ಳಾಗಿರಲೇಬೇಕು. ಮೊಣಕೈ ಕೀಲು, ಹೃದಯ, ಕಣ್ಣು ಇವುಗಳಿಗೂ ಬೇರೆ ಬೇರೆ ಪರೀಕ್ಷೆಗಳುಂಟು. ಆ ಸಂಸ್ಥೆಯಲ್ಲಿ ಪ್ರಕಟಪಡಿಸಿದ ಫಲಿತಾಂಶಗಳನ್ನು ನಾಯಿಯ ನೋಂದಾಯಿತ ಹೆಸರಿನಿಂದ ಯಾರು ಬೇಕಾದರೂ ನೋಡಿಕೊಳ್ಳಬಹುದಾದುದರಿಂದ ಮಾರುವವನ ಮಾತೊಂದನ್ನೇ ನಂಬಬೇಕಾದ ಅಗತ್ಯವಿಲ್ಲ.

ಆದರೆ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು ಬೇರೆ: ‘ಮರಿಗಳನ್ನು ಪಶುವೈದ್ಯರಿಗೆ ತೋರಿಸಲಾಗಿದೆ’ ಎಂದು. ಇದು ಸುಳ್ಳಲ್ಲ, ಆದರೆ ಸತ್ಯವೂ ಪೂರ್ಣವಾಗಿಲ್ಲ. ಎಂಟು ವಾರದ ಮರಿಯ ಎದೆಬಡಿತವನ್ನು ಕೇಳಿ, ಬಾಯಿ ಕಿವಿಗಳನ್ನು ನೋಡಿ, ಹುಳುವಿನ ಔಷಧಿ ಕೊಟ್ಟು ಕಳುಹಿದ ವೈದ್ಯನಿಗೆ ಅದರ ತಾಯಿಯ ಸೊಂಟದ ವಿಷಯ ಏನು ಗೊತ್ತು? ಅರ್ಧ ಸತ್ಯವನ್ನು ಹೇಳಿ ಕೊಳ್ಳುವವನೇ ಮಿಕ್ಕರ್ಧವನ್ನು ಕಲ್ಪಿಸಿಕೊಳ್ಳುವಂತೆ ಮಾಡುವುದು ವ್ಯಾಪಾರದ ಹಳೆಯ ಚಾತುರ್ಯ.

ಕಣ್ಣಿನ ವಿಷಯವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಲ್ಯಾಬ್ರಡಾರ್ ಮತ್ತು ಪೂಡಲ್ ನಾಯಿಗಳಲ್ಲಿ ಕಣ್ಣಿನ ಒಳಪದರ ಕ್ರಮೇಣ ಕ್ಷಯಿಸಿ ದೃಷ್ಟಿ ಹೋಗುವ ರೋಗವೊಂದುಂಟು. ಎಳೆಯ ವಯಸ್ಸಿನಲ್ಲಿ ಅದರ ಸುಳಿವು ಇರುವುದಿಲ್ಲ. ಹಲವು ವರ್ಷಗಳಾದ ಮೇಲೆ ಮೊದಲು ಇರುಳುಗುರುಡು, ಆಮೇಲೆ ಪೂರ್ಣ ಕುರುಡು. ಅಂಧನಿಗೆ ಕಣ್ಣಾಗಿ ನಿಂತ ಪ್ರಾಣಿಯೇ ಕಣ್ಣು ಕಳೆದುಕೊಳ್ಳುವುದಕ್ಕಿಂತ ಶೋಚನೀಯವಾದುದು ಇನ್ನೇನಿದೆ? ತಂದೆ ತಾಯಿ ಎರಡರಿಂದಲೂ ದೋಷದ ಅಂಶ ಬಂದರೆ ಮಾತ್ರ ಈ ರೋಗ ಹತ್ತುತ್ತದೆ. ಒಂದರಿಂದ ಬಂದರೆ ನಾಯಿ ಅದನ್ನು ಹೊತ್ತಿರುತ್ತದೆಯೇ ಹೊರತು ತಾನು ಕುರುಡಾಗುವುದಿಲ್ಲ. ಇಂದು ರಕ್ತದ ಅಥವಾ ಎಂಜಲಿನ ಪರೀಕ್ಷೆಯಿಂದ ಇದನ್ನು ಮೊದಲೇ ತಿಳಿಯಬಹುದಾಗಿದೆ. ಹೊತ್ತಿರುವ ಎರಡನ್ನು ಕೂಡಿಸಿದರೆ ಪ್ರತಿಯೊಂದು ಮರಿಗೂ ನಾಲ್ಕರಲ್ಲೊಂದು ಪಾಲು ಆಪತ್ತು. ವಿವೇಕಿಯಾದ ತಳಿಗಾರನು ಹೊತ್ತಿರುವ ನಾಯಿಯನ್ನು ಕೀಳೆಂದು ತೊರೆಯುವುದಿಲ್ಲ. ಅದಕ್ಕೆ ದೋಷವಿಲ್ಲದ ಜೊತೆಯನ್ನು ಹುಡುಕುತ್ತಾನೆ. ಪರೀಕ್ಷೆಯನ್ನೇ ಮಾಡಿಸದವನು ‘ನಮ್ಮ ನಾಯಿಗಳಲ್ಲಿ ಅಂತಹುದೇನೂ ಇಲ್ಲ’ ಎನ್ನುತ್ತಾನೆ. ನೋಡದವನಿಗೆ ಏನೂ ಕಾಣುವುದಿಲ್ಲವೆಂಬುದು ಸಹಜವೇ. ಪರೀಕ್ಷೆಗಳೆಲ್ಲ ಮುಗಿದ ಮೇಲೆಯೂ ನೂರಕ್ಕೆ ನೂರು ಭರವಸೆ ಇಲ್ಲವೆಂಬುದನ್ನು ಒಪ್ಪಲೇಬೇಕು. ಅದನ್ನು ಮೊದಲು ಒಪ್ಪುವವನೂ ಪ್ರಾಮಾಣಿಕನಾದ ತಳಿಗಾರನೇ.

ಜಾತ್ರೆಯಲ್ಲಿ ಹೋರಿಗರುವನ್ನು ಕೊಳ್ಳುವ ಕನ್ನಡ ನಾಡಿನ ರೈತನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕಡಸನ್ನು ಕೊಳ್ಳುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು, ಒದೆಯುತ್ತಿತ್ತೇ ಎಂದು ವಿಚಾರಿಸದೆ ಬಿಡುವುದಿಲ್ಲ. ನೂಲಿನಂತೆ ಸೀರೆ ಎಂಬ ಗಾದೆ ಮನುಷ್ಯರಿಗಿಂತ ಪಶುಗಳಲ್ಲಿಯೇ ಹೆಚ್ಚು ದಿಟ. ಸೇವಾಶ್ವಾನಕ್ಕಾಗಿ ಮರಿ ಹುಡುಕುವವರು ಈ ರೈತನ ಜಾಣತನವನ್ನು ಮರೆಯಬಾರದು. ಏಳನೆಯ ವಾರದಲ್ಲಿ ಮರಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಸ್ವಭಾವವನ್ನು ಅಳೆಯುವ ಪದ್ಧತಿ ಅಲ್ಲಿ ಪ್ರಚಾರದಲ್ಲಿದೆ. ಆದರೆ ಆ ಒಂದು ದಿನದ ಪರೀಕ್ಷೆಯಿಂದಲೇ ಮರಿಯ ಭವಿಷ್ಯವನ್ನು ನಿರ್ಣಯಿಸಲಾಗದು. ತಾಯಿಯನ್ನು ನೋಡುವುದು ಅದಕ್ಕಿಂತ ಮೇಲು. ಅಪರಿಚಿತರು ಅಂಗಳಕ್ಕೆ ಬಂದಾಗ ತಾಯಿ ಬಾಲ ಒಳಗಿಕ್ಕಿ ಮೂಲೆ ಸೇರುವುದೋ, ಮೇಲೆ ಬೀಳುವುದೋ, ಅಥವಾ ಮೂಸಿ ನೋಡಿ ಸಮಾಧಾನದಿಂದ ಮಲಗುವುದೋ ಎಂಬುದು ಸಾವಿರ ಮಾತುಗಳಿಗೆ ಸಮ. ತಾಯಿಯನ್ನು ತೋರಿಸದವನ ಬಳಿ, ‘ಅದು ಬೇರೆ ಕಡೆ ಇದೆ, ಮರಿಯನ್ನು ಪೇಟೆಯ ಬಳಿ ತಂದುಕೊಡುತ್ತೇನೆ’ ಎನ್ನುವವನ ಬಳಿ ಕೊಳ್ಳದಿರುವುದೇ ಲೇಸು. ಅವನು ಬಚ್ಚಿಡುತ್ತಿರುವುದು ಆ ತಾಯಿಯನ್ನೇ. ಬೆದೆಗೆ ಬಂದಾಗಲೆಲ್ಲ ಸೂಲುಗಟ್ಟಿ, ಮೈಯ ಕೂದಲುದುರಿ, ಮೊಲೆಗಳು ಜೋತು, ಪಂಜರವನ್ನು ಬಿಟ್ಟು ಹುಲ್ಲಿನ ಮೇಲೆ ಕಾಲಿಡದ ಪ್ರಾಣಿ ಅದು.

ಸರಕಾರದ ಪರವಾನಗಿ ಇದ್ದರೆ ಸಾಲದೇ ಎಂದು ಕೆಲವರು ಕೇಳಿಯಾರು. ಪ್ರಾಣಿಗಳ ಯೋಗಕ್ಷೇಮಕ್ಕಾಗಿ ಅಮೆರಿಕೆಯಲ್ಲಿ 1966ರಲ್ಲಿಯೇ ಕಾನೂನು ಆಯಿತು. ಅದರ ಕೆಳಗೆ ದೊಡ್ಡ ತಳಿಗಾರರು ಪರವಾನಗಿ ಪಡೆಯಬೇಕು. ಆ ನಿಯಮಗಳ ಪ್ರಕಾರ ನಾಯಿಯ ಗೂಡಿನ ನೆಲವು ಮೂಗಿನ ತುದಿಯಿಂದ ಬಾಲದ ಬುಡದ ತನಕ ಅದರ ಉದ್ದವೆಷ್ಟೋ ಅದಕ್ಕೆ ಆರಂಗುಲ ಸೇರಿಸಿದ ಚೌಕದಷ್ಟಿರಬೇಕು. ಎತ್ತರ ತಲೆಗಿಂತ ಆರಂಗುಲ ಮೇಲಿರಬೇಕು. ಇಷ್ಟಿದ್ದರೆ ಕಾನೂನಿಗೆ ಸಂತೋಷ. ಆರಂಗುಲವೆಂದರೆ ಗೇಣಿಗೂ ಕಡಮೆ. ಕಾನೂನು ಪಾಪದ ಕೆಳಗಿನ ಎಲ್ಲೆಯನ್ನು ಗೆರೆ ಎಳೆದು ತೋರಿಸಬಲ್ಲುದು. ದಯೆಯ ಮೇಲೆಲ್ಲೆಯನ್ನು ಹೇಳುವುದು ಅದರ ಕೆಲಸವಲ್ಲ. ಭಾರತದಲ್ಲಿಯೂ 2017ರಲ್ಲಿ ನಾಯಿಗಳ ತಳಿಸಾಕಣೆ ಮತ್ತು ಮಾರಾಟವನ್ನು ಕುರಿತ ನಿಯಮಗಳಾದುವು. ತಳಿಗಾರನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳಾಗದ ಹೆಣ್ಣನ್ನೂ ಎಂಟು ವರ್ಷ ಮೀರಿದ ಹೆಣ್ಣನ್ನೂ ಸೂಲುಗಟ್ಟಿಸಕೂಡದು. ವರ್ಷಕ್ಕೊಂದು, ಜೀವಮಾನದಲ್ಲಿ ಐದು ಸೂಲುಗಳಿಗೆ ಮೀರಕೂಡದು ಎಂದು ಅವು ವಿಧಿಸುತ್ತವೆ. ಮನೆಗೆ ಸಾಧಾರಣ ನಾಯಿಮರಿಯನ್ನು ತರುವ ಗೃಹಸ್ಥರು ಸಹ ಇಷ್ಟನ್ನಾದರೂ ಕೇಳಿ ತಿಳಿದುಕೊಳ್ಳುವುದು ಒಳಿತು.

ಇನ್ನೊಂದು ವಂಚನೆಯನ್ನು ಇಲ್ಲಿಯೇ ಹೇಳಿಬಿಡಬೇಕು. ‘ಸೇವಾಶ್ವಾನದ ಮರಿಗಳು, ಪ್ರಮಾಣಪತ್ರ ಸಹಿತ’ ಎಂದು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಹುಟ್ಟುತ್ತಲೇ ಪಂಡಿತನಾದ ಮಗುವಿಲ್ಲ. ಹುಟ್ಟುತ್ತಲೇ ಸೇವಾಶ್ವಾನವಾದ ಮರಿಯೂ ಇಲ್ಲ. ಅಮೆರಿಕೆಯ ಕಾನೂನು ಅಂತಹ ಪ್ರಮಾಣಪತ್ರವನ್ನು ಕೇಳುವುದೂ ಇಲ್ಲ, ಹಣಕ್ಕೆ ಕೊಂಡ ಪತ್ರಕ್ಕೆ ಅದರ ಮುಂದೆ ಬೆಲೆಯೂ ಇಲ್ಲ.

ಇಷ್ಟರ ಮೇಲೆ ಮೂಲ ಪ್ರಶ್ನೆಗೆ ಬರಬೇಕು. ಅಂಗವಿಕಲನ ಅವಶ್ಯಕತೆ ನ್ಯಾಯವಾದುದು, ಅದರಲ್ಲಿ ಸಂಶಯವಿಲ್ಲ. ವಿಲಾಸಕ್ಕಾಗಿ ನಾಯಿ ಸಾಕುವವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವಿವೇಕ. ಆದರೆ ನ್ಯಾಯವಾದ ಅವಶ್ಯಕತೆಯೇ ಅತ್ಯಂತ ಸುಲಭವಾದ ನೆಪವೂ ಆಗಬಲ್ಲುದು. ‘ಕಷ್ಟದಲ್ಲಿರುವವನು ಅಷ್ಟೆಲ್ಲ ವಿಚಾರಿಸುತ್ತ ಕೂಡಲಾದೀತೇ? ಹತ್ತಿರ ಸಿಕ್ಕಿತು, ಬೇಗ ಸಿಕ್ಕಿತು, ಕೊಂಡನು’ ಎಂದು ಬಂಧುಗಳೂ ಮಿತ್ರರೂ ಹೇಳುತ್ತಾರೆ. ಈ ಮಾತಿನಲ್ಲಿ ಕರುಣೆಯಿದೆ. ಆದರೆ ಕರುಣೆ ಒಂದೇ ಕಡೆಗೆ ಹರಿದಿದೆ. ಕೊಟ್ಟ ಹಣವು ಆ ಒಂದು ಮರಿಯ ಬೆಲೆಯಾಗಿ ಮುಗಿದುಹೋಗುವುದಿಲ್ಲ. ಅದು ಮುಂದಿನ ಸೂಲಿಗೆ ಬೀಜಧನವಾಗುತ್ತದೆ. ಬಚ್ಚಿಟ್ಟ ತಾಯಿಯನ್ನು ಇನ್ನೊಂದು ವರ್ಷ ಪಂಜರದಲ್ಲಿಡುವವನು ಮಾರುವವನೊಬ್ಬನೇ ಅಲ್ಲ.

ಕಲ್ಯಾಣದ ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಎಲ್ಲರೂ ಕೇಳಿದ್ದಾರೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ, ಅದರಿಂದ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದರು. ತಂದುದು ಜಂಗಮ ದಾಸೋಹಕ್ಕೇ ಅಲ್ಲವೇ ಎಂದು ಆ ತಾಯಿ ಸುಮ್ಮನಾಗಲಿಲ್ಲ. ಹೋಗುವ ಕಡೆ ಪವಿತ್ರವಾಗಿದೆಯೆಂಬ ಮಾತ್ರಕ್ಕೆ ಬಂದ ಕಡೆ ಶುದ್ಧವಾಗುವುದಿಲ್ಲವೆಂಬುದನ್ನು ಇದಕ್ಕಿಂತ ನೇರವಾಗಿ ತೋರಿಸಿದವರಿಲ್ಲ.

ಹೊಸದಾಗಿ ಮರಿ ಹಾಕಿಸುವುದೇ ತಪ್ಪು, ಬೀದಿಯಲ್ಲಿಯೂ ಅನಾಥಾಲಯಗಳಲ್ಲಿಯೂ ನಾಯಿಗಳು ಬೇಕಾದಷ್ಟಿರುವಾಗ ಅವುಗಳಿಗೇ ಕಲಿಸಬಾರದೇ ಎಂದು ವಾದಿಸುವವರುಂಟು. ವಾದವು ಗೌರವಕ್ಕೆ ಯೋಗ್ಯವಾದುದು. ಕ್ಯಾಲಿಫೋರ್ನಿಯದಲ್ಲಿ 1942ರಲ್ಲಿ ಆರಂಭವಾದ ಅಂಧರ ನಾಯಿಗಳ ಸಂಸ್ಥೆಯಲ್ಲಿ ಮೊದಮೊದಲು ಕಲಿತ ನಾಯಿಗಳಲ್ಲಿ ಬ್ಲಾಂಡಿ ಎಂಬುದು ಪ್ಯಾಸಡೀನ ನಗರದ ನಾಯಿದೊಡ್ಡಿಯಿಂದ ತಂದುದು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸಾರ್ಜೆಂಟನೊಬ್ಬನಿಗೆ ಅದು ದಾರಿ ತೋರಿತು. ಆದರೆ ಹಾಗೆ ತಂದ ನಾಯಿಗಳಲ್ಲಿ ಹೆಚ್ಚಿನವು ಆ ಕೆಲಸಕ್ಕೆ ಒದಗಲಿಲ್ಲ. ಆದುದರಿಂದ ಆ ಸಂಸ್ಥೆಯವರು ತಾವೇ ತಳಿ ಬೆಳೆಸತೊಡಗಿದರು. ಒದಗದ ನಾಯಿಯನ್ನು ಕಲಿಸಲೆಳಸುವುದರಲ್ಲಿ ನಾಯಿಗೂ ದುಃಖ, ನಂಬಿದವನಿಗೂ ದುಃಖ. ಅನಾಥ ನಾಯಿಯನ್ನು ಮನೆಗೆ ತಂದು ಸಾಕುವುದು ಪುಣ್ಯಕಾರ್ಯ. ಅದರ ಬೆನ್ನಿಗೆ ಹೊರಲಾಗದ ಹೊರೆಯನ್ನು ಕಟ್ಟುವುದು ಅದೇ ಪುಣ್ಯವಲ್ಲ.

ಒಳ್ಳೆಯ ತಳಿಯಲ್ಲಿ ಹುಟ್ಟಿದವುಗಳೂ ಎಲ್ಲವೂ ಸೇವೆಗೆ ಒದಗುವುದಿಲ್ಲ. ತಾವೇ ತಳಿ ಬೆಳೆಸುವ ಹಲವು ಸಂಸ್ಥೆಗಳಲ್ಲಿಯೇ ಸುಮಾರು ಅರ್ಧದಷ್ಟು ಮರಿಗಳು ಮಧ್ಯದಲ್ಲಿ ಉಳಿದುಬಿಡುತ್ತವೆ. ಒಂದು ಅಳಿಲನ್ನು ಕಂಡರೆ ಓಡುತ್ತದೆ, ಇನ್ನೊಂದಕ್ಕೆ ಗುಡುಗಿನ ಭಯ, ಮತ್ತೊಂದಕ್ಕೆ ಕೆಲಸವೇ ಬೇಡ. ಇದನ್ನು ಸೋಲೆಂದು ಕರೆಯುವುದು ಮನುಷ್ಯನ ಅಹಂಕಾರ. ತನ್ನನ್ನು ಸೇವೆಗೆ ಕರೆಯಬಹುದೇ ಎಂದು ನಾಯಿಯನ್ನು ಯಾರೂ ಕೇಳಿರುವುದಿಲ್ಲ. ಮಾತು ಬಾರದ ಪ್ರಾಣಿ ತನ್ನ ಸ್ವಭಾವದಿಂದಲೇ ‘ಒಲ್ಲೆ’ ಎಂದು ಹೇಳಬೇಕಾಗಿದೆ. ಆ ಒಲ್ಲೆಯನ್ನು ಕೇಳಿಸಿಕೊಳ್ಳುವ ಕಿವಿ ಒಡೆಯನಿಗಿರಬೇಕು. ಒಲ್ಲೆ ಎಂದುದಕ್ಕೆ ನೆಲೆ ಕೊಡುವ ಮನಸ್ಸು ತಳಿಗಾರನಿಗಿರಬೇಕು. ನಾಯಿಯ ಆಯುಷ್ಯದಲ್ಲಿ ಯಾವಾಗ ಬೇಕಾದರೂ, ಯಾವ ಕಾರಣಕ್ಕೇ ಆಗಲಿ, ಸಾಕಲಾರದೆ ಹೋದರೆ ತನಗೇ ಮರಳಿ ಕೊಡತಕ್ಕದ್ದೆಂದು ಯೋಗ್ಯನಾದ ತಳಿಗಾರನು ಕರಾರಿನಲ್ಲಿ ಬರೆಯಿಸಿಕೊಳ್ಳುತ್ತಾನೆ. ತಳಿಗಾರರನ್ನು ಅಳೆಯಲು ಇದಕ್ಕಿಂತ ನಂಬಬಹುದಾದ ಒರೆಗಲ್ಲು ಸಿಗಲಾರದು. ‘ನಿಮ್ಮಲ್ಲಿ ಹುಟ್ಟಿದ ಎಷ್ಟು ನಾಯಿಗಳು ಸೇವಾಶ್ವಾನಗಳಾಗಿವೆ?’ ಎಂದು ಕೇಳಿದರೆ ಎಲ್ಲರೂ ಉತ್ಸಾಹದಿಂದ ಹೇಳುತ್ತಾರೆ. ‘ಆಗದವು ಎಲ್ಲಿವೆ? ಮರಿ ಹಾಕುವುದನ್ನು ನಿಲ್ಲಿಸಿದ ತಾಯಿಗಳು ಎಲ್ಲಿವೆ?’ ಎಂದು ಕೇಳಿನೋಡಬೇಕು. ಒಬ್ಬನು ಒಂದೊಂದರ ಹೆಸರನ್ನೂ ಊರನ್ನೂ ಹೇಳುತ್ತಾನೆ. ಇನ್ನೊಬ್ಬನು ಮಾತು ಬದಲಿಸುತ್ತಾನೆ.

ಒಳ್ಳೆಯ ಉದ್ದೇಶ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಆಸ್ಟ್ರೇಲಿಯದ ವಾಲಿ ಕಾನ್ರನ್ ಅವರ ಕಥೆ ನಿದರ್ಶನ. ಅವರು ಅಲ್ಲಿನ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಯಲ್ಲಿ ಮರಿಗಳ ತಳಿಸಾಕಣೆಯನ್ನು ನೋಡಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರಿಂದ ಅವರಿಗೆ ಕೋರಿಕೆ ಬಂದಿತು; ಆಕೆಯ ಪತಿಗೆ ನಾಯಿಯ ಕೂದಲು ಸೋಕಿದರೆ ಒಗ್ಗುತ್ತಿರಲಿಲ್ಲ. ಕೂದಲುದುರದ ಪೂಡಲ್ ನಾಯಿಗಳನ್ನು, ಮೂವತ್ತಕ್ಕೂ ಮೇಲ್ಪಟ್ಟು, ಕಾನ್ರನ್ ಅವರು ಪರೀಕ್ಷಿಸಿದರು. ಒಂದೂ ಆ ಕೆಲಸಕ್ಕೆ ಒಪ್ಪಲಿಲ್ಲ. ಕೊನೆಗೆ ಲ್ಯಾಬ್ರಡಾರಿನೊಡನೆ ಪೂಡಲನ್ನು ಕೂಡಿಸಿದಾಗ ಮೂರು ಮರಿಗಳಾದುವು. ಅವುಗಳ ಕೂದಲು ಜೊಲ್ಲುಗಳನ್ನು ಹವಾಯಿಗೆ ಕಳುಹಿಸಿ ನೋಡಿದರೆ ಒಂದು ಮಾತ್ರ ಆ ಪತಿಗೆ ಒಗ್ಗಿತು. ಸುಲ್ತಾನ್ ಎಂಬ ಆ ನಾಯಿ ಹವಾಯಿಗೆ ಹೋಗಿ ಆಕೆಯ ಸೇವೆ ಮಾಡಿತು. ಒಂದು ಅವಶ್ಯಕತೆ, ಅದಕ್ಕಾಗಿ ತಾಳ್ಮೆಯ ಶೋಧನೆ, ಒಂದು ಸೇವೆ. ಇಲ್ಲಿಯ ತನಕ ದೂಷಿಸಲು ಏನೂ ಇ​ಲ್ಲ.

ಆದರೆ ಉಳಿದ ಎರಡು ಮರಿಗಳನ್ನು ಸಾಕಲು ಯಾರೂ ಮುಂದೆ ಬರಲಿಲ್ಲ. ಮಿಶ್ರಜಾತಿಯ ಮರಿ ಯಾರಿಗೂ ಬೇಡವಾಗಿತ್ತು. ಆಗ ಅವುಗಳಿಗೆ ಲ್ಯಾಬ್ರಡೂಡಲ್ ಎಂಬ ಹೊಸ ಹೆಸರನ್ನಿಟ್ಟು ಪ್ರಚಾರಪಡಿಸಲಾಯಿತು. ಮರಿಗಳು ಅವೇ; ಬದಲಾದುದು ಹೆಸರು ಮಾತ್ರ. ಕೇಳುವವರ ನೂಕುನುಗ್ಗಲು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ದೇಶದೇಶಗಳಲ್ಲಿ ಸಿಕ್ಕಸಿಕ್ಕವರು ಪೂಡಲನ್ನು ಸಿಕ್ಕಸಿಕ್ಕ ನಾಯಿಯೊಡನೆ ಕೂಡಿಸಿ, ಸೊಂಟವನ್ನೂ ಕಣ್ಣನ್ನೂ ಪರೀಕ್ಷಿಸದೆ, ಹೆಸರಿನ ಬಲದಿಂದ ಮಾರತೊಡಗಿದರು. ಯಾರಿಗೂ ಕೂದಲು ತೊಂದರೆ ಕೊಡದ ನಾಯಿಯೆಂದು ಅವರು ಹೇಳಿದರು. ಸುಲ್ತಾನನ ಜೊತೆಯ ಮರಿಗಳೇ ಅದನ್ನು ಸುಳ್ಳುಮಾಡಿದ್ದುವು. ವೃದ್ಧರಾದ ಕಾನ್ರನ್ ಅವರು 2019ರಲ್ಲಿ ಆಸ್ಟ್ರೇಲಿಯದ ಬಾನುಲಿ ಸಂಸ್ಥೆಯವರೊಡನೆ ಮಾತನಾಡುತ್ತ, ಜೀವಮಾನದಲ್ಲಿ ತಮಗಿರುವ ಪಶ್ಚಾತ್ತಾಪ ಇದೇ ಎಂದು ಹೇಳಿಕೊಂಡರು. ಅವರ ತಪ್ಪೇನೆಂದು ಯೋಚಿಸಿದರೆ ಉತ್ತರ ಸುಲಭವಲ್ಲ. ಆ ಅಂಧ ಮಹಿಳೆಗೆ ಇಲ್ಲವೆನ್ನಬೇಕಾಗಿತ್ತೇ? ಉಳಿದ ಮರಿಗಳನ್ನು ಅನಾಥವಾಗಿ ಬಿಡಬೇಕಾಗಿತ್ತೇ? ಹೆಸರಿಗೆ ಮರುಳಾಗಿ, ಏನನ್ನೂ ವಿಚಾರಿಸದೆ ಕೊಂಡ ಲಕ್ಷಾಂತರ ಜನರಲ್ಲಿ ಒಬ್ಬರಾದರೂ ಪಶ್ಚಾತ್ತಾಪಪಟ್ಟುದು ಕಾಗದದ ಮೇಲೆ ಬಂದಂತಿಲ್ಲ. ತಪ್ಪಿನ ಹೊರೆಯನ್ನೆಲ್ಲ ಹೊತ್ತುಕೊಂಡವರು ಆ ಮುದುಕರೊಬ್ಬರೇ.

ಯೋಗ್ಯನಾದ ತಳಿಗಾರನ ಮನೆಯಲ್ಲಿ ಕೊಳ್ಳಲು ಹೋದವರಿಗೆ ಮೊದಲು ಅಚ್ಚರಿಯಾಗುವುದು, ಪ್ರಶ್ನೆ ಕೇಳುವ ಸರದಿ ಅವನದಾಗಿರುವುದನ್ನು ಕಂಡು. ಮನೆಯಲ್ಲಿ ಯಾರಿದ್ದಾರೆ, ಹಗಲು ನಾಯಿ ಎಲ್ಲಿರುತ್ತದೆ, ಕಾಯಿಲೆ ಹೆಚ್ಚಾಗಿ ಒಡತಿ ಆಸ್ಪತ್ರೆಗೆ ಸೇರಿದರೆ ಅದಕ್ಕೆ ಅನ್ನ ಹಾಕುವವರು ಯಾರು, ಕಲಿಸುವ ಶಿಕ್ಷಕರು ಯಾರು, ಅವರು ಹೊಡೆದು ಕಲಿಸುವವರೇ, ಕೆಲಸಕ್ಕೆ ಒದಗದೆ ಹೋದರೆ ಅದನ್ನು ಸುಮ್ಮನೆ ಸಾಕುವಿರೋ ಇಲ್ಲವೋ, ದುಡಿದು ಮುದಿಯಾದ ಮೇಲೆ ಎಲ್ಲಿಡುವಿರಿ ಎಂದು ಒಂದಾದ ಮೇಲೊಂದು ಕೇಳುತ್ತಾನೆ. ಹಣವನ್ನು ಮುಂದಿಟ್ಟರೂ ಮುಟ್ಟುವುದಿಲ್ಲ. ಮರಿಗಳಿಗೆ ಏಳು ವಾರವಾಗುವ ತನಕ ಯಾವುದು ಯಾರಿಗೆಂದು ಹೇಳುವುದಿಲ್ಲ. ಬಣ್ಣ ನೋಡಿ ಆರಿಸಿಕೊಳ್ಳಲು ಬಿಡುವುದಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ನೂರಾರು ಮೈಲಿ ಪ್ರಯಾಣಮಾಡಿ ಬಂದ ಹೆಣ್ಣುಮಗಳು ಒಂಬತ್ತು ಮರಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಇರಿಸಿಕೊಂಡು ಮಧ್ಯಾಹ್ನವೆಲ್ಲ ನೋಡಿರುತ್ತಾಳೆ. ಸಂಜೆ ಅವನು, ಈ ಸೂಲಿನ ಮರಿಗಳೆಲ್ಲ ಚಟುವಟಿಕೆಯ ಸ್ವಭಾವದವು, ಬೇಟೆಗೂ ಆಟಕ್ಕೂ ಒಳ್ಳೆಯವು, ನಿಮ್ಮ ಕುರ್ಚಿಯ ಪಕ್ಕದಲ್ಲಿ ಗಂಟೆಗಟ್ಟಲೆ ಸುಮ್ಮನೆ ಮಲಗುವಂಥದು ಇದರಲ್ಲಿ ಒಂದೂ ಇಲ್ಲ, ತಾಯಿಗೆ ಈ ವರ್ಷ ವಿಶ್ರಾಂತಿ, ಬರುವ ವರ್ಷದ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಬರೆದುಕೊಳ್ಳುತ್ತೇನೆ ಎಂದು ಹೇಳುತ್ತಾನೆ. ಆಕೆ ತೊಡೆಯ ಮೇಲಿದ್ದ ಮರಿಯನ್ನು ತಾಯಿಯ ಬಳಿಗೆ ಇಳಿಸಿ, ಹೆಸರು ಬರೆಯಿಸಿ, ಬರಿಗೈಯಲ್ಲಿ ಹಿಂದಿರುಗುತ್ತಾಳೆ.